ಪರದೆಯ ಆಚೆ, ತಲೆಯ ಕಡೆ

ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದವರ ಎದೆಯ ಮಟ್ಟಕ್ಕೆ ಒಂದು ಹಸಿರು ಬಟ್ಟೆಯನ್ನು ಅಡ್ಡ ಎತ್ತಿ ಕಟ್ಟುತ್ತಾರೆ. ಎಡಬಲಕ್ಕೆ ಎರಡು ಡ್ರಿಪ್ ಸ್ಟ್ಯಾಂಡು, ನಾಲ್ಕು ಕ್ಲಿಪ್ಪು. ಅಷ್ಟೇ ಆ ಗಡಿ. ಹೊಟ್ಟೆಯ ಕಡೆ ಕಟ್ಟುನಿಟ್ಟಿನ ಮಡಿ. ಸರ್ಜನ್ ಮೊಣಕೈವರೆಗೆ ತೊಳೆದುಕೊಂಡು, ಆಟೋಕ್ಲೇವ್ ಆದ ಗೌನು ತೊಟ್ಟು, ಗ್ಲೌಸ್ ಏರಿಸಿದ ಮೇಲೆ ತಪ್ಪಿ ಸ್ಟೂಲಿನ ಅಂಚು ತಾಗಿದರೂ ಓ.ಟಿ. ಸಿಸ್ಟರ್ ಗದರುತ್ತಾರೆ, ಗ್ಲೌಸ್ ಬದಲಾಗುತ್ತದೆ. ತಲೆಯ ಕಡೆ ಅಂಥ ಗದರಿಕೆ ಕೇಳಿಬರುವುದಿಲ್ಲ. ಅಲ್ಲಿ ಅರಿವಳಿಕೆ ವೈದ್ಯರು, ಜನರ ಬಾಯಲ್ಲಿ ಅನಸ್ತೇಸಿಯಾ ಡಾಕ್ಟ್ರು, ರೋಗಿಯ ಬಾಯೊಳಗೆ ಕೈ ಹಾಕುತ್ತಾರೆ, ಅದೇ ಕೈಯಲ್ಲಿ ಯಂತ್ರದ ಗುಂಡಿ ತಿರುಗಿಸುತ್ತಾರೆ, ಚೀಲ ಹಿಸುಕುತ್ತಾರೆ, ಮಾನಿಟರಿನ ಬಟನ್ ಒತ್ತುತ್ತಾರೆ, ಟ್ರೇಯಿಂದ ಸಿರಿಂಜು ಎತ್ತಿಕೊಳ್ಳುತ್ತಾರೆ, ಪೆನ್ನು ಹಿಡಿದು ಕೇಸ್ ಶೀಟ್ ತುಂಬುತ್ತಾರೆ. ವೈದ್ಯರ ವಲಯದಲ್ಲಿ ಈ ಬಟ್ಟೆಯ ಬಗ್ಗೆ ಒಂದು ಹಳೆಯ ತಮಾಷೆಯಿದೆ. ಅದಕ್ಕೆ ಅವರು ‘ಬ್ಲಡ್–ಬ್ರೇನ್ ಬ್ಯಾರಿಯರ್’ ಅನ್ನುತ್ತಾರೆ. ಆ ಕಡೆ ಬರೀ ರಕ್ತ, ಈ ಕಡೆ ಬುದ್ಧಿ ಎಂದು ಅರಿವಳಿಕೆಯವರು ಸರ್ಜನ್ನರನ್ನು ಕಿಚಾಯಿಸುವ ಪರಿ ಅದು. ಸೂಕ್ಷ್ಮಜೀವಿಗಳ ವಿಷಯಕ್ಕೆ ಬಂದರೆ ತಮಾಷೆ ತಿರುಗುಬಾಣವಾಗುತ್ತದೆ.

ದಾವಣಗೆರೆ ಜಿಲ್ಲೆಯ ಚನ್ನಗಿರಿಯಂಥ ಊರಿಗೆ ಈ ಮಾತು ಯಾಕೆ ಬೇಕು ಎಂದರೆ, ಇಲ್ಲಿಯ ತಾಲ್ಲೂಕು ಆಸ್ಪತ್ರೆಯ ಓ.ಟಿ.ಯೇ ಸಂತೆಬೆನ್ನೂರು, ಬಸವಾಪಟ್ಟಣ, ಉಬ್ರಾಣಿ ಕಡೆಯ ಹೆಚ್ಚಿನ ಬಡವರಿಗೆ ಗೊತ್ತಿರುವ ಓ.ಟಿ. ಸಿಜೇರಿಯನ್, ಸಂತಾನಹರಣ ಶಸ್ತ್ರಚಿಕಿತ್ಸೆ, ಹರ್ನಿಯಾ, ಅಪೆಂಡಿಕ್ಸ್: ತಾಲ್ಲೂಕು ಆಸ್ಪತ್ರೆಯ ನಿತ್ಯದ ಕೆಲಸ ಇಂಥವು. ಅದಕ್ಕೂ ಮಿಕ್ಕಿದ್ದು ಬಂದರೆ ದಾವಣಗೆರೆ, ಇಲ್ಲ ಶಿವಮೊಗ್ಗ. ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಥೆಯೂ ಹೆಚ್ಚುಕಡಿಮೆ ಇದೇ. ಮುಂದೆ ಬರೆಯುವುದು ಯಾವುದೇ ಒಂದು ಆಸ್ಪತ್ರೆಯ ಮೇಲಿನ ದೂರಲ್ಲ. ಬೋಸ್ಟನ್ನಿನಲ್ಲಿ, ಸಿಡ್ನಿಯಲ್ಲಿ, ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಗಳಲ್ಲೂ ಪರದೆಯ ಆ ಬದಿ ಸಡಿಲವೇ. ದೊಡ್ಡ ಊರಿನಲ್ಲಿ ಆ ಸಡಿಲವನ್ನು ಸರಿದೂಗಿಸಲು ಹೆಚ್ಚುವರಿ ಸಾಮಾನಿರುತ್ತದೆ, ಹೆಚ್ಚುವರಿ ಕೈಗಳಿರುತ್ತವೆ, ಹದಗೆಟ್ಟರೆ ಪಕ್ಕದಲ್ಲೇ ಐಸಿಯು ಇರುತ್ತದೆ. ತಾಲ್ಲೂಕಿನಲ್ಲಿ ಇರುವುದು ಆಂಬುಲೆನ್ಸು ಮತ್ತು ರಸ್ತೆ.

ಓ.ಟಿ.ಯ ಸೋಂಕು ಎಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ಎರಡು ಪ್ರಕರಣ. 2019ರ ಜುಲೈ 9ರಂದು ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಲ್ಲಿ ಪೊರೆ ತೆಗೆಸಿಕೊಂಡವರಲ್ಲಿ ಬಹಳ ಮಂದಿಗೆ ಕಣ್ಣು ಕೀತು, ಹಲವರ ದೃಷ್ಟಿಯೇ ಹೋಯಿತು. ಸಂಶಯ ಬಿದ್ದದ್ದು ಶಸ್ತ್ರಚಿಕಿತ್ಸೆಯ ವೇಳೆ ಕಣ್ಣೊಳಗೆ ತುಂಬುವ ಜೆಲ್ ಮೇಲೆ, ಅದರಲ್ಲಿದ್ದ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಮೇಲೆ. ಎರಡನೆಯದು ಇನ್ನೂ ಹಸಿಗಾಯ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಮೂರು ದಿನಗಳ ಅವಧಿಯಲ್ಲಿ ಸಿಜೇರಿಯನ್ ಆದ 34 ಬಾಣಂತಿಯರಲ್ಲಿ ಏಳು ಮಂದಿಗೆ ಮೂತ್ರಪಿಂಡವೂ ಸೇರಿ ಅಂಗಾಂಗಗಳು ಕೈಕೊಟ್ಟವು, ಐವರು ತೀರಿಕೊಂಡರು. ಸಂಶಯ ಹೋದದ್ದು ಡ್ರಿಪ್ ಬಾಟಲಿಯ ಕಡೆಗೆ, ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಕಡೆಗೆ. ರಾಜ್ಯದ ಪ್ರಯೋಗಾಲಯ ಗುಣಮಟ್ಟವಿಲ್ಲ ಎಂದ ಬ್ಯಾಚುಗಳನ್ನು ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತ್ತು ಎಂಬ ಸಂಗತಿಯೂ ಆಗಲೇ ಹೊರಬಿತ್ತು.

ಎರಡರಲ್ಲೂ ತನಿಖೆ ಸಾಧ್ಯವಾದದ್ದು ಒಂದು ಕಾರಣಕ್ಕೆ: ಜೆಲ್ಲಿಗೂ ಬಾಟಲಿಗೂ ಬ್ಯಾಚ್ ನಂಬರ್ ಇತ್ತು. ಯಾವ ದಿನ, ಯಾವ ಬ್ಯಾಚು, ಯಾರ ಮೈಗೆ ಎಂದು ಹಿಂದಕ್ಕೆ ಹೋಗಿ ನೋಡಬಹುದಿತ್ತು. ಕೈಗೆ ಬ್ಯಾಚ್ ನಂಬರ್ ಇಲ್ಲ. ಯಂತ್ರದ ಗುಂಡಿಗೆ ಇಲ್ಲ. ಬೆಳಿಗ್ಗೆ ಒಬ್ಬರ ಗಂಟಲಿಗೆ ಹೋಗಿ ಮಧ್ಯಾಹ್ನ ಇನ್ನೊಬ್ಬರ ಗಂಟಲಿಗೆ ಹೋದ, ಉಸಿರಿನ ಕೊಳವೆ ಇಳಿಸುವ ಬ್ಲೇಡಿಗೂ ಇಲ್ಲ. ಆ ದಾರಿಯಲ್ಲಿ ಬಂದ ಸೋಂಕು ಮೂರು ದಿನಕ್ಕೋ ಐದು ದಿನಕ್ಕೋ ಹೊಲಿಗೆ ಕೀತು, ಇಲ್ಲವೇ ನ್ಯುಮೋನಿಯಾ ಆಗಿ ಕಾಣಿಸುತ್ತದೆ. ಆಗ ಮನೆಯವರು ಬಾಣಂತಿಯ ಪಥ್ಯ ತಪ್ಪಿತು ಎನ್ನುತ್ತಾರೆ, ವಾರ್ಡಿನವರು ಡ್ರೆಸಿಂಗ್ ನೆನೆಯಿತು ಎನ್ನುತ್ತಾರೆ, ಸರ್ಜನ್ ಸಕ್ಕರೆ ಕಾಯಿಲೆ ಎನ್ನುತ್ತಾರೆ. ಪರದೆಯ ಆಚೆ ಬದಿಯ ಹೆಸರನ್ನು ಯಾರೂ ಎತ್ತುವುದಿಲ್ಲ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಶಸ್ತ್ರಚಿಕಿತ್ಸೆ ಆದ ನೂರು ಮಂದಿಯಲ್ಲಿ 11 ಮಂದಿಗೆ ಸೋಂಕು ತಗುಲುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ಆ 11ರಲ್ಲಿ ತಲೆಯ ಕಡೆಯಿಂದ ಬಂದದ್ದೆಷ್ಟು, ಹೊಟ್ಟೆಯ ಕಡೆಯಿಂದ ಬಂದದ್ದೆಷ್ಟು ಎಂಬ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ.

ಹಾಗಾದರೆ ಆ ಕಡೆಯಿಂದಲೂ ಬರುತ್ತದೆ ಎಂದು ಗೊತ್ತಾದದ್ದು ಹೇಗೆ? ಅಮೆರಿಕದ ಡಾರ್ಟ್‌ಮತ್‌ನಲ್ಲಿ ರ‍್ಯಾಂಡಿ ಲಾಫ್ಟಸ್ ಎಂಬ ಅರಿವಳಿಕೆ ತಜ್ಞ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಬಹಳ ಸರಳವಾದದ್ದು. 61 ಶಸ್ತ್ರಚಿಕಿತ್ಸೆಗಳನ್ನು ಆಯ್ದುಕೊಂಡರು. ಕೇಸು ಶುರುವಾಗುವ ಮುಂಚೆ ಯಂತ್ರದ ಎರಡು ಜಾಗಗಳನ್ನು ಚೆನ್ನಾಗಿ ಒರೆಸಿ ಶುದ್ಧ ಮಾಡಿದರು: ಅರಿವಳಿಕೆ ಆವಿಯ ಪ್ರಮಾಣ ಬದಲಿಸುವ ಡಯಲ್, ಮತ್ತು ಉಸಿರಿನ ಒತ್ತಡ ಹೊಂದಿಸುವ ವಾಲ್ವ್. ರೋಗಿಯ ಡ್ರಿಪ್ಪಿಗೆ ಹೊಸ, ಶುದ್ಧ ತ್ರೀ-ವೇ ಜೋಡಿಸಿದರು. ಕೇಸು ಮುಗಿದ ಮೇಲೆ ಮೂರನ್ನೂ ಪರೀಕ್ಷಿಸಿದರು. ಡಯಲ್ಲು, ವಾಲ್ವುಗಳ ಮೇಲೆ ಬ್ಯಾಕ್ಟೀರಿಯಾ ಸರಾಸರಿ ನೂರಕ್ಕೂ ಹೆಚ್ಚು ಕಾಲೊನಿಗಳಷ್ಟು ಏರಿದ್ದವು. ಅದಕ್ಕಿಂತ ಎದೆ ನಡುಗಿಸಿದ್ದು ತ್ರೀ-ವೇ. ನೂರಕ್ಕೆ 32 ಕೇಸುಗಳಲ್ಲಿ ಅದರೊಳಗೆ ಬ್ಯಾಕ್ಟೀರಿಯಾ ಸಿಕ್ಕವು. ತ್ರೀ-ವೇ ಎಂದರೆ ನೇರ ರಕ್ತನಾಳದ ಬಾಗಿಲು. ಬಾಯಿಯಿಂದ ಗುಂಡಿಗೆ, ಗುಂಡಿಯಿಂದ ಸಿರಿಂಜಿಗೆ, ಸಿರಿಂಜಿನಿಂದ ರಕ್ತಕ್ಕೆ. ಇಷ್ಟಕ್ಕೆ ಬೇಕಾದದ್ದು ಒಂದೇ ಒಂದು ಶಸ್ತ್ರಚಿಕಿತ್ಸೆಯ ಅವಧಿ.

ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದವರು ಮಯಾಮಿಯ ಡೇವಿಡ್ ಬಿರ್ನ್‌ಬ್ಯಾಕ್ ತಂಡ. ಮಾಮೂಲಿ ಬೆಳಕಿನಲ್ಲಿ ಕಾಣದ, ನೇರಳಾತೀತ ದೀಪದಡಿ ಹೊಳೆಯುವ ಬಣ್ಣವನ್ನು ಗೊಂಬೆ ರೋಗಿಯ ಬಾಯೊಳಗೆ ಸವರಿ, ತರಬೇತಿಯಲ್ಲಿದ್ದ ವೈದ್ಯರಿಗೆ ಎಂದಿನಂತೆ ಅರಿವಳಿಕೆ ಕೊಡಿ ಎಂದರು. ಶ್ವಾಸನಾಳಕ್ಕೆ ಕೊಳವೆ ಹಾಕಿ ಆರು ನಿಮಿಷ ಕಳೆಯುವುದರೊಳಗೆ ದೀಪ ಹಚ್ಚಿ ನೋಡಿದರೆ ಬಣ್ಣ ಯಂತ್ರದ ಮೇಲೆ, ಡ್ರಿಪ್ಪಿನ ಮೇಲೆ, ಔಷಧ ಗಾಡಿಯ ಮೇಲೆ, ಎಲ್ಲೆಲ್ಲೂ. ಮುಂದೆ ಅದೇ ತಂಡ ಒಂದು ಸಣ್ಣ ಉಪಾಯ ಮಾಡಿತು. ಎರಡು ಜೊತೆ ಗ್ಲೌಸ್ ಹಾಕಿಕೊಳ್ಳಿ, ಕೊಳವೆ ಕೂರಿಸಿದ ಮರುಕ್ಷಣ ಮೇಲಿನದನ್ನು ಕಿತ್ತೆಸೆಯಿರಿ, ಎಂದಿತು. ಬಣ್ಣ ಹರಡುವುದು ಬಹಳವಾಗಿ ಕಡಿಮೆಯಾಯಿತು. ಒಂದು ಜೊತೆ ಸಾದಾ ಗ್ಲೌಸಿನ ಖರ್ಚು, ಎರಡು ಸೆಕೆಂಡಿನ ಕೆಲಸ. ವೈದ್ಯಕೀಯದಲ್ಲಿ ಇಷ್ಟು ಅಗ್ಗದ ಒಳ್ಳೆಯ ಸುದ್ದಿ ಅಪರೂಪ. ಇಷ್ಟು ಕಡಿಮೆ ಪ್ರಚಾರ ಪಡೆದದ್ದೂ ಅಪರೂಪ.

‘ಕೈ ತೊಳೆಯಲಿ, ಅಷ್ಟೇ ತಾನೇ?’ ಎಂದು ಕೇಳಬಹುದು. ಇಲ್ಲಿ ಅರಿವಳಿಕೆಯವರ ಪರ ನಾಲ್ಕು ಮಾತು ಹೇಳಬೇಕು. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಕೈ ತೊಳೆಯಿರಿ ಎಂದಾಗ ಅದು ಶವಾಗಾರದಿಂದ ವಾರ್ಡಿಗೆ ಬರುವಾಗ ಒಮ್ಮೆ ಮಾಡುವ ಕೆಲಸವಾಗಿತ್ತು. ಅರಿವಳಿಕೆ ಕೊಡುವವರ ಕೈಯನ್ನು ಗಂಟೆಗಟ್ಟಲೆ ಗಮನಿಸಿ ಅಮೆರಿಕದ ಬಿಡಲ್ ಮತ್ತು ಶಾ ಎಂಬಿಬ್ಬರು 2012ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆಯೇ ಇದೆ. ನಿಯಮದ ಪ್ರಕಾರ ಅವರು ಕೈ ಶುದ್ಧ ಮಾಡಿಕೊಳ್ಳಬೇಕಾದ ಸಂದರ್ಭಗಳು ಗಂಟೆಗೆ 34ರಿಂದ 41. ಮಾಡದೇ ಬಿಟ್ಟದ್ದು ನೂರಕ್ಕೆ 82. ಬೈಯುವ ಮುಂಚೆ ಗುಣಿಸಿ ನೋಡೋಣ. ಸ್ಯಾನಿಟೈಸರ್ ಹಚ್ಚಿ ಸರಿಯಾಗಿ ಉಜ್ಜಿಕೊಳ್ಳಲು ಕನಿಷ್ಠ 20 ಸೆಕೆಂಡು. ನಲವತ್ತು ಸಲ ಎಂದರೆ ಗಂಟೆಗೆ 13 ನಿಮಿಷ ಕೈ ಉಜ್ಜುವುದಕ್ಕೇ ಹೋಯಿತು. ಉಸಿರು ನಿಂತವರಿಗೆ ಮೂರು ನಿಮಿಷದಲ್ಲಿ ಉಸಿರು ಕೊಡಬೇಕಾದ ಕೆಲಸದಲ್ಲಿ ಇದು ಆಗದ ಮಾತು. ಹಾಗಾಗಿ ಗೋಡೆಗೆ ‘ಕೈ ತೊಳೆಯಿರಿ’ ಪೋಸ್ಟರ್ ಅಂಟಿಸಿದರೆ ಪೋಸ್ಟರ್ ಹಳದಿಯಾಗುತ್ತದೆ, ಮತ್ತೇನೂ ಆಗುವುದಿಲ್ಲ. ಬಾಗಿಲ ಬಳಿಯ ಬೇಸಿನ್ನಿನ ಬದಲು ಯಂತ್ರದ ಎಡಗಂಬಕ್ಕೇ ಸ್ಯಾನಿಟೈಸರ್ ತೂಗುಹಾಕಬೇಕು. ಬಳಸಿದ ಬ್ಲೇಡಿಗೆಂದೇ ಒಂದು ಟ್ರೇ ಬೇರೆ ಇಡಬೇಕು, ಅದು ಔಷಧದ ಟ್ರೇ ಪಕ್ಕ ಕೂರಬಾರದು. ಅಮೆರಿಕದ ಆಸ್ಪತ್ರೆ ಸೋಂಕು ತಜ್ಞರ ಸಂಘ 2018ರ ಕೊನೆಗೆ ಹೊರತಂದ ಮಾರ್ಗಸೂಚಿಯ ತಿರುಳೂ ಇಷ್ಟೇ: ಗುಣಿಸಿದರೆ ಆಗದ್ದನ್ನು ಕೇಳಬೇಡಿ, ಮುಖ್ಯವಾದ ಕೆಲವು ಗಳಿಗೆಗಳಲ್ಲಿ ಮಾತ್ರ ತಪ್ಪಿಸಬೇಡಿ, ಕೊಳವೆ ಹಾಕುವಾಗ ಎರಡು ಗ್ಲೌಸ್, ಡ್ರಿಪ್ಪಿನ ಬಾಗಿಲಿಗೆ ಚುಚ್ಚುವ ಮುಂಚೆ ಆಲ್ಕೊಹಾಲ್ ಒರೆಸು.

ಬ್ಲೇಡಿನ ಮಾತು ಬಂತು. ಲ್ಯಾರಿಂಗೋಸ್ಕೋಪ್ ಎಂಬ ಈ ಸಾಧನ ನೋಡಲು ಟಾರ್ಚಿನ ಹಿಡಿಗೆ ಬಾಗಿದ ತಗಡು ಸಿಕ್ಕಿಸಿದಂತಿರುತ್ತದೆ. ಆಕ್ಸ್‌ಫರ್ಡಿನ ರಾಬರ್ಟ್ ಮ್ಯಾಕಿಂಟಾಷ್ 1943ರಲ್ಲಿ ರೂಪಿಸಿದ ಬಾಗು ಇವತ್ತಿಗೂ ಚನ್ನಗಿರಿಯಿಂದ ಚಿಕಾಗೊವರೆಗೆ ಅದೇ. ನಾಲಿಗೆಯನ್ನು ಪಕ್ಕಕ್ಕೆ ಸರಿಸಿ, ಗಂಟಲ ಬಾಗಿಲು ಕಾಣಿಸಿ, ಶ್ವಾಸನಾಳಕ್ಕೆ ಕೊಳವೆ ಇಳಿಸಲು ದಾರಿ ಮಾಡಿಕೊಡುತ್ತದೆ. ಜೊಲ್ಲು, ಕಫ, ಒಮ್ಮೊಮ್ಮೆ ರಕ್ತ ಅಂಟುವುದು ಸಹಜ. ಉಪಕರಣಗಳನ್ನು ಅಪಾಯದ ಮೇರೆಗೆ ಮೂರು ದರ್ಜೆಯಾಗಿ ವಿಂಗಡಿಸಿದ ಅರ್ಲ್ ಸ್ಪಾಲ್ಡಿಂಗ್‌ನ ಪಟ್ಟಿಯಲ್ಲಿ ಇದರದ್ದು ನಡುವಿನ ದರ್ಜೆ. ಚರ್ಮ ಕೊಯ್ಯುವ ಕತ್ತಿಯಷ್ಟು ಶುದ್ಧ ಬೇಡ, ಆದರೆ ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟರೆ ಸಾಲದು. ಸೋಪಿನಲ್ಲಿ ಉಜ್ಜಿ, ತೊಳೆದು, ಎರಡು ಪರ್ಸೆಂಟಿನ ಗ್ಲುಟರಾಲ್ಡಿಹೈಡ್‌ನಲ್ಲಿ, ಓ.ಟಿ.ಯವರು ಸಿಡೆಕ್ಸ್ ಅನ್ನುವುದು ಅದನ್ನೇ, ಕನಿಷ್ಠ 20 ನಿಮಿಷ ಮುಳುಗಿಸಿ, ಶುದ್ಧ ನೀರಿನಲ್ಲಿ ಮತ್ತೆ ತೊಳೆದು ಒಣಗಿಸಬೇಕು. ಉಜ್ಜದೆ ಮುಳುಗಿಸಿದರೆ ಒಣಗಿದ ಕಫದ ಪದರದಡಿ ಔಷಧ ಇಳಿಯುವುದೇ ಇಲ್ಲ. ಆಟೋಕ್ಲೇವ್ ಮಾಡಿದರೆ ಇನ್ನೂ ಒಳ್ಳೆಯದು. ಆದರೆ ಮತ್ತೆ ಮತ್ತೆ ಆವಿಗೆ ಹಾಕಿದರೆ ಬ್ಲೇಡಿನ ಬೆಳಕು ಮಂಕಾಗುತ್ತದೆ, ಮಂಕು ಬೆಳಕಿನಲ್ಲಿ ಗಂಟಲು ಕಾಣದೆ ಪ್ರಾಣಕ್ಕೆ ಸಂಚಕಾರ ಎಂದು ಸಿಬ್ಬಂದಿ ಹಿಂಜರಿಯುತ್ತಾರೆ. ಆ ಹಿಂಜರಿಕೆಗೆ ಅರ್ಥವಿದೆ.

ಬ್ಲೇಡು ಹೇಗೋ ತೊಳೆಸಿಕೊಳ್ಳುತ್ತದೆ. ಹಿಡಿಯ ಗತಿಯೇನು? ಜಾರದಿರಲೆಂದು ಅದರ ಮೇಲೆ ಗೀರುಗಳನ್ನು ಕೊರೆದಿರುತ್ತಾರೆ. ಮಡಚಿದಾಗ ಬ್ಲೇಡಿನ ಕೊಳೆ ತುದಿ ಆ ಗೀರುಗಳಿಗೇ ತಾಗುತ್ತದೆ. ಒಳಗೆ ಬ್ಯಾಟರಿ ಇರುವುದರಿಂದ ನೀರಿಗೆ ಹಾಕುವುದಿಲ್ಲ. 2009ರಲ್ಲಿ ಅಮೆರಿಕದಲ್ಲಿ ಮುಂದಿನ ರೋಗಿಗೆ ಸಿದ್ಧ ಎಂದು ಇಟ್ಟಿದ್ದ 40 ಹಿಡಿಗಳನ್ನು ಪರೀಕ್ಷಿಸಿದಾಗ 30ರಲ್ಲಿ ಬ್ಯಾಕ್ಟೀರಿಯಾ ಬೆಳೆದವು. ಅವುಗಳಲ್ಲಿ ಹೆಚ್ಚಿನವು ಚರ್ಮದ ಮೇಲೆ ವಾಸಿಸುವ ಸಾಧು ಜಾತಿಯವು ಎಂಬುದು ನಿಜ. ಆದರೆ ಸಾಧು ಜಾತಿ ಬರುವ ದಾರಿಯಲ್ಲೇ ದುಷ್ಟ ಜಾತಿಯೂ ಬರುತ್ತದೆ.

ಇನ್ನು ಗಡಿಯಾರದ ಪ್ರಶ್ನೆ. ಉಜ್ಜಲು ಐದು, ಮುಳುಗಿಸಲು ಇಪ್ಪತ್ತು, ತೊಳೆದು ಒಣಗಿಸಲು ಐದು; ಒಂದು ಬ್ಲೇಡು ಮರಳಿ ಟ್ರೇಗೆ ಬರಲು ಅರ್ಧ ಗಂಟೆ ಬೇಕು. ಒಂದೇ ಬ್ಲೇಡು ಸರಿಯಾಗಿ ಬೆಳಗುವ ಓ.ಟಿ.ಯಲ್ಲಿ ರಾತ್ರಿ ಎರಡು ಗಂಟೆಗೆ ಒಂದರ ಬೆನ್ನಿಗೆ ಇನ್ನೊಂದು ತುರ್ತು ಕೇಸು ಬಂದರೆ ಅರ್ಧ ಗಂಟೆ ಕಾಯುವವರು ಯಾರು? ಮಗುವಿನ ಹೃದಯ ಬಡಿತ ಇಳಿಯುತ್ತಿದೆ, ಸ್ತ್ರೀರೋಗ ತಜ್ಞರು ಕೈ ತೊಳೆದು ನಿಂತಿದ್ದಾರೆ. ಆಗ ಸ್ಪಿರಿಟ್ ಹತ್ತಿಯಲ್ಲಿ ಒರೆಸಿದ ಬ್ಲೇಡು ಹೋಗುತ್ತದೆ. ನಾನಿದನ್ನು ಬೇಜವಾಬ್ದಾರಿ ಎನ್ನಲಾರೆ. ಆ ರಾತ್ರಿ ತಪ್ಪು ನಡೆದದ್ದು ಓ.ಟಿ.ಯಲ್ಲಲ್ಲ, ಯಾವಾಗಲೋ ಸಾಮಾನು ಬೇಕೆಂದು ಇಂಡೆಂಟ್ ಬರೆಯುವಾಗ.

ಇಷ್ಟು ಹೇಳಿದ ಮೇಲೆ ತಾಲ್ಲೂಕು ಓ.ಟಿ.ಗಳ ಒಂದು ಪ್ರಿಯ ಆಚರಣೆಯನ್ನು ಮುಟ್ಟದೆ ಹೋಗುವಂತಿಲ್ಲ. ಅದು ಫ್ಯೂಮಿಗೇಶನ್. ವಾರಕ್ಕೊಮ್ಮೆ ಬಾಗಿಲು ಕಿಟಕಿ ಬಿಗಿದು, ಸಂದಿಗೆ ಟೇಪು ಹಚ್ಚಿ, ಫಾರ್ಮಾಲಿನ್ ಹೊಗೆ ಹಾಕುವುದು. ಹಿಂದೆಲ್ಲ ಬೇಸಿನ್ನಿನಲ್ಲಿ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಹಾಕಿ ಅದರ ಮೇಲೆ ಫಾರ್ಮಾಲಿನ್ ಸುರಿದು ಓಡಿಬರುತ್ತಿದ್ದರು. ಈಗ ಫಾಗರ್ ಯಂತ್ರ ಬಂದಿದೆ. ಮರುದಿನ ಕಣ್ಣುರಿ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತೀರ್ಮಾನಿಸಿತು. ಹೊಗೆ ಹಾಕಿ ಓ.ಟಿ. ಶುದ್ಧ ಮಾಡುವ ಪದ್ಧತಿ ಬೇಡ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳಿ ವರ್ಷಗಳಾದವು. ಕಾರಣ ಸರಳ. ಹೊಗೆ ಕೊಳೆಯನ್ನು ಎತ್ತುವುದಿಲ್ಲ. ಶನಿವಾರ ಸಂಜೆ ಹಾಕಿದ ಹೊಗೆ ಸೋಮವಾರ ಎರಡನೇ ಕೇಸಿನ ಹೊತ್ತಿಗೆ ಡಯಲ್ಲಿನ ಮೇಲೆ ಕೂತ ಕಫವನ್ನು ತಡೆಯಲಾರದು.

ಜೊತೆಗೆ ಸ್ವಾಬ್ ರಿಪೋರ್ಟು. ತಿಂಗಳಿಗೊಮ್ಮೆ ಟೇಬಲ್, ದೀಪ, ಗೋಡೆ, ಯಂತ್ರದಿಂದ ಹತ್ತಿಕಡ್ಡಿಯಲ್ಲಿ ಸವರಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ‘ನೋ ಗ್ರೋತ್’ ಎಂದು ಬಂದರೆ ಫೈಲಿಗೆ ಸೇರಿಸಿ ಎಲ್ಲರೂ ನಿರಾಳ. ಆದರೆ ಕಡ್ಡಿ ಸವರುವುದು ಯಾವಾಗ? ಹೊಗೆ ಹಾಕಿದ ಮರುದಿನ, ಮೊದಲ ಕೇಸಿಗೂ ಮುಂಚೆ. ಪಾಠ ಓದಿಸಿದ ಕೂಡಲೇ ಪರೀಕ್ಷೆ ಕೊಟ್ಟು ಎಲ್ಲರೂ ಪಾಸು ಎಂದ ಹಾಗೆ. ಅದೇ ಕಡ್ಡಿಯನ್ನು ಮೂರನೇ ಕೇಸು ಮುಗಿದ ಮೇಲೆ ಗುಂಡಿಗೆ, ಮಾನಿಟರ್ ಬಟನ್ನಿಗೆ, ಔಷಧ ಗಾಡಿಯ ಡ್ರಾಯರ್ ಹಿಡಿಗೆ ಸವರಿದರೆ ಬರುವ ರಿಪೋರ್ಟು ಬೇರೆ. ಒಣ ಮೇಲ್ಮೈಯಲ್ಲಿ ಇವು ಎಷ್ಟು ದಿನ ಬದುಕುತ್ತವೆ ಎಂಬುದನ್ನು ಜರ್ಮನಿಯ ಕ್ರಾಮರ್ ತಂಡ 2006ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಸೋಸಿ ಪಟ್ಟಿ ಮಾಡಿತು: ಸ್ಟ್ಯಾಫಿಲೊಕಾಕಸ್ ಏಳು ತಿಂಗಳವರೆಗೆ, ನಮ್ಮ ಐಸಿಯುಗಳ ದೊಡ್ಡ ಪೀಡೆ ಅಸಿನೆಟೊಬ್ಯಾಕ್ಟರ್ ಐದು ತಿಂಗಳವರೆಗೆ. ತಿಂಗಳ ಸ್ವಾಬು ಅವುಗಳ ಆಯುಷ್ಯದ ಮುಂದೆ ಏನೂ ಅಲ್ಲ. ಹೊಗೆಯ ಬದಲು ಪ್ರತಿ ಎರಡು ಕೇಸುಗಳ ನಡುವೆ ಹತ್ತು ನಿಮಿಷ, ಒಂದು ಬಟ್ಟೆ, ಸರಿಯಾದ ದ್ರಾವಣ, ಮತ್ತು ‘ಕೈ ತಾಗುವ ಜಾಗಗಳನ್ನು ಮೊದಲು’ ಎಂಬ ಕ್ರಮ ಸಾಕು. ಕಣ್ಣಿಗೆ ಅದು ಹೊಗೆಯಷ್ಟು ಭರ್ಜರಿಯಾಗಿ ಕಾಣುವುದಿಲ್ಲ ಎಂಬುದೇ ಅದರ ದೌರ್ಬಲ್ಯ.

ತಾಲ್ಲೂಕಿನ ಸಿಜೇರಿಯನ್ನುಗಳಲ್ಲಿ ಹೆಚ್ಚಿನವು ಬೆನ್ನಿನ ಇಂಜೆಕ್ಷನ್ನಿನಲ್ಲೇ ಆಗುತ್ತವೆ, ಅಲ್ಲಿ ಗಂಟಲಿಗೆ ಬ್ಲೇಡು ಹೋಗುವುದೇ ಇಲ್ಲವಲ್ಲ ಎಂಬ ಮಾತು ಸರಿ. ಆದರೆ ಅಲ್ಲಿ ಸೂಜಿ ಹೋಗುವುದು ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ನೀರಿಗೆ. ದೇಹದಲ್ಲಿ ಅದಕ್ಕಿಂತ ಸೂಕ್ಷ್ಮವಾದ ಜಾಗ ಇನ್ನೊಂದಿಲ್ಲ. ನಮ್ಮ ಕಡೆ ಹೆರಿಗೆಯಾಗಿ ಹತ್ತು ವರ್ಷದ ಮೇಲೆ ಬೆನ್ನು ನೋವು ಬಂದರೂ ಹೆಂಗಸರು ಆ ಸೂಜಿಯನ್ನು ಶಪಿಸುತ್ತಾರೆ. ಸೂಜಿ ಹಾಕುವಾಗ ಡಾಕ್ಟ್ರು ಮಾಸ್ಕ್ ಹಾಕಿದ್ದರೇ ಎಂದು ಮಾತ್ರ ಯಾರೂ ಕೇಳಿದ್ದಿಲ್ಲ. 2008–09ರಲ್ಲಿ ಅಮೆರಿಕದ ನ್ಯೂಯಾರ್ಕ್ ಮತ್ತು ಓಹಿಯೋ ರಾಜ್ಯಗಳಲ್ಲಿ ಹೆರಿಗೆಗೆಂದು ಬೆನ್ನಿಗೆ ಅರಿವಳಿಕೆ ಪಡೆದ ಐವರು ಆರೋಗ್ಯವಂತ ಹೆಂಗಸರಿಗೆ ಮಿದುಳುಪೊರೆಯ ಉರಿಯೂತ ಬಂತು, ಒಬ್ಬಾಕೆ ಸತ್ತರು. ಕಾರಣ ಮನುಷ್ಯರ ಬಾಯಲ್ಲಿ ಸದಾ ಇರುವ ಒಂದು ಬಡಪಾಯಿ ಬ್ಯಾಕ್ಟೀರಿಯಾ. ಓಹಿಯೋದಲ್ಲಿ ಸೂಜಿ ಹಾಕಿದವರು ಮಾಸ್ಕ್ ಧರಿಸಿರಲಿಲ್ಲ. ಬೆನ್ನ ಮೇಲೆ ಬಗ್ಗಿ, ‘ಉಸಿರು ಬಿಡಮ್ಮ, ಅಲುಗಾಡಬೇಡ’ ಎಂದು ಮಾತಾಡುತ್ತ ಕೊಟ್ಟ ಧೈರ್ಯದ ಜೊತೆಗೇ ಅದು ಇಳಿದು ಹೋಗಿತ್ತು. ಮೆಕ್ಸಿಕೊದ ಡುರಾಂಗೊದಲ್ಲಿ 2022ರಲ್ಲಿ, ಮಾಟಮೊರೊಸ್‌ನಲ್ಲಿ 2023ರಲ್ಲಿ ನಡೆದದ್ದು ಇದಕ್ಕಿಂತ ಘೋರ. ಬೆನ್ನಿನ ಅರಿವಳಿಕೆಯ ಮೂಲಕ ಫ್ಯುಸೇರಿಯಂ ಎಂಬ ಶಿಲೀಂಧ್ರ ಮಿದುಳುಪೊರೆಗೆ ಹೋಗಿ ಹತ್ತಾರು ಮಂದಿ ಸತ್ತರು; ಡುರಾಂಗೊದಲ್ಲಿ ಸತ್ತವರಲ್ಲಿ ಹೆಚ್ಚಿನವರು ಸಿಜೇರಿಯನ್ ಆದ ತಾಯಂದಿರು.

ಗಡಸು ನೀರಿನ ನಮ್ಮ ಜಿಲ್ಲೆಗೆ, ಅದರಲ್ಲೂ ಬೋರ್‌ವೆಲ್ಲನ್ನೇ ನಂಬಿದ ಜಗಳೂರಿನ ಕಡೆಗೆ, ಇನ್ನೊಂದು ಹಳೆಯ ಕಥೆ ಹತ್ತಿರದ್ದು. 1947ರ ಅಕ್ಟೋಬರ್ 13ರಂದು ಇಂಗ್ಲೆಂಡಿನ ಚೆಸ್ಟರ್‌ಫೀಲ್ಡಿನಲ್ಲಿ ಸಣ್ಣ ಶಸ್ತ್ರಚಿಕಿತ್ಸೆಗೆ ಬೆನ್ನಿಗೆ ಇಂಜೆಕ್ಷನ್ ಪಡೆದ ವೂಲಿ ಮತ್ತು ರೋ ಎಂಬಿಬ್ಬರ ಸೊಂಟದ ಕೆಳಗೆ ಸ್ವಾಧೀನವೇ ಹೋಯಿತು. ಔಷಧದ ಗಾಜಿನ ಆಂಪೂಲ್ ಅದ್ದಿಟ್ಟಿದ್ದ ಫಿನಾಲ್ ಕಣ್ಣಿಗೆ ಕಾಣದ ಬಿರುಕಿನಲ್ಲಿ ಒಳಗಿಳಿಯಿತು ಎಂಬುದು ನ್ಯಾಯಾಲಯದಲ್ಲಿ ನಿಂತ ವಿವರಣೆ. ದಶಕಗಳ ಮೇಲೆ ಇನ್ನೊಂದು ವಾದ ಬಂತು: ಸೂಜಿ ಸಿರಿಂಜು ಕುದಿಸುವ ಪಾತ್ರೆಯಲ್ಲಿ ಕಟ್ಟಿದ್ದ ಸುಣ್ಣದ ಹಕ್ಕಳೆ ತೆಗೆಯಲು ಹಾಕಿದ್ದ ಆಮ್ಲ ಸರಿಯಾಗಿ ತೊಳೆದುಹೋಗದೆ ಸೂಜಿಯಲ್ಲೇ ಉಳಿದಿತ್ತು ಎಂದು. ಶುದ್ಧ ಮಾಡುವ ಕೆಲಸವೇ ಅರ್ಧಕ್ಕೆ ನಿಂತರೆ ಕೊಳೆಗಿಂತ ಕೆಟ್ಟದ್ದಾಗಬಹುದು. ಸಿಡೆಕ್ಸ್‌ನಿಂದ ಎತ್ತಿದ ಬ್ಲೇಡನ್ನು ತೊಳೆಯದೆ ಗಂಟಲಿಗೆ ಹಾಕಿದರೂ ಗಂಟಲು ಸುಡುತ್ತದೆ.

ಔಷಧದ ಟ್ರೇಯಲ್ಲಿ ಹಾಲಿನಂತೆ ಬೆಳ್ಳಗಿರುವ ಒಂದು ಅರಿವಳಿಕೆ ಔಷಧವಿದೆ, ಪ್ರೊಪೊಫಾಲ್. ಸೋಯಾ ಎಣ್ಣೆ, ಮೊಟ್ಟೆಯ ಲೆಸಿಥಿನ್ ಬೆರೆತ ಈ ದ್ರಾವಣ ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ಅಮೆರಿಕದಲ್ಲಿ ಬಳಕೆಗೆ ಬಂದ ಹೊಸತರಲ್ಲಿ, 1990ರ ಆಸುಪಾಸಿನಲ್ಲಿ, ಏಳು ಆಸ್ಪತ್ರೆಗಳಲ್ಲಿ 62 ಮಂದಿಗೆ ಇದರಿಂದ ಸೋಂಕಾಯಿತು. ಕಾರ್ಖಾನೆಯ ತಪ್ಪಲ್ಲ, ಒಂದು ವಯಲ್ ತೆರೆದು ಹಲವರಿಗೆ ಕೊಟ್ಟದ್ದು, ಸಿರಿಂಜಿಗೆ ಎಳೆದು ಗಂಟೆಗಟ್ಟಲೆ ಇಟ್ಟದ್ದು. ಉಳಿದದ್ದನ್ನು ಚೆಲ್ಲಬೇಕು ಎಂಬ ನಿಯಮ ಓದಲು ಸುಲಭ. ಉಂಡ ತಟ್ಟೆಯಲ್ಲಿ ಅನ್ನ ಬಿಡಬಾರದೆಂದು ಬೆಳೆದ ಸಿಸ್ಟರಿಗೆ ಅರ್ಧ ವಯಲ್ ಔಷಧ ಚೆಲ್ಲುವಾಗ ಜೀವ ಚುರ್ ಎನ್ನುತ್ತದೆ, ಅದರಲ್ಲೂ ಮುಂದಿನ ಪೂರೈಕೆ ಯಾವಾಗ ಎಂದು ಗೊತ್ತಿಲ್ಲದ ಸರ್ಕಾರಿ ಸ್ಟೋರಿನಲ್ಲಿ. ಸಣ್ಣ ಆಂಪೂಲ್ ತರಿಸಿದರೆ ಈ ಸಂಕಟವೇ ಇಲ್ಲ.

ಇನ್ನು ಯಂತ್ರಕ್ಕೂ ರೋಗಿಗೂ ನಡುವಿನ ಉಸಿರಾಟದ ಕೊಳವೆ. ಹೆನ್ರಿ ಬಾಯ್ಲ್ 1917ರಲ್ಲಿ ರೂಪಿಸಿದ ಯಂತ್ರದ ಹೆಸರೇ ಇಂದಿಗೂ ನಮ್ಮ ಓ.ಟಿ.ಗಳಲ್ಲಿ ನಿಂತಿದೆ, ಯಾವ ಕಂಪನಿಯದಾದರೂ ಅದು ‘ಬಾಯ್ಲ್ಸ್ ಮಷೀನೇ’. ಒಬ್ಬರ ಉಸಿರು ಹೋದ ಕೊಳವೆ ಇನ್ನೊಬ್ಬರಿಗೆ ಬಂದರೇನಾಯಿತು ಎಂಬ ಉಡಾಫೆಗೆ ಉತ್ತರ ಸಿಕ್ಕಿದ್ದು ಆಸ್ಟ್ರೇಲಿಯಾದಲ್ಲಿ. 1990ರ ದಶಕದ ಆರಂಭದಲ್ಲಿ ನ್ಯೂ ಸೌತ್ ವೇಲ್ಸ್‌ನ ಒಂದು ಆಸ್ಪತ್ರೆಯಲ್ಲಿ ಒಂದೇ ಸರದಿಯಲ್ಲಿ ಶಸ್ತ್ರಚಿಕಿತ್ಸೆ ಆದ ಹಲವರಿಗೆ ಹೆಪಟೈಟಿಸ್ ಸಿ ತಗುಲಿತು. ಕೊಳವೆಯೇ ದಾರಿ ಎಂದು ತನಿಖೆ ಸೂಚಿಸಿತು. ಅಲ್ಲಿಂದ ಮುಂದೆ ಪ್ರತಿ ರೋಗಿಗೂ ಹೊಸ ಫಿಲ್ಟರ್ ಹಾಕುವ ರೂಢಿ ಗಟ್ಟಿಯಾಯಿತು. ಅಂಗೈಯಲ್ಲಿ ಹಿಡಿಸುವ ಪ್ಲಾಸ್ಟಿಕ್ ಡಬ್ಬಿ ಅದು. ಕೋವಿಡ್ ಕಾಲದಲ್ಲಿ ನಮ್ಮಲ್ಲೂ ಅದು ಕಾಣಿಸಿಕೊಂಡಿತು, ಯಾಕೆಂದರೆ ಆಗ ಹೆದರಿಕೆ ಇದ್ದದ್ದು ಡಾಕ್ಟರರ ಪ್ರಾಣಕ್ಕೆ.

ಗುಂಡಿ ಒರೆಸುವುದು ಯಾರ ಕೆಲಸ? ಈ ಒಂದು ಪ್ರಶ್ನೆಗೆ ಓ.ಟಿ.ಯಲ್ಲಿ ನೇರ ಉತ್ತರ ಸಿಕ್ಕರೆ ಅರ್ಧ ಸಮಸ್ಯೆ ಮುಗಿದಂತೆ. ನೆಲ ಒರೆಸುವುದು ಗ್ರೂಪ್ ಡಿ ನೌಕರರದ್ದು. ಬಹಳ ಕಡೆ ಹೊರಗುತ್ತಿಗೆಯವರು, ಯಂತ್ರ ಮುಟ್ಟಿದರೆ ಬೈಸಿಕೊಳ್ಳುವವರು. ಸರ್ಜರಿ ಸಾಮಾನು ಸಿಸ್ಟರದ್ದು. ಯಂತ್ರ ಟೆಕ್ನಿಷಿಯನ್ನರದ್ದು, ಆ ಹುದ್ದೆ ಭರ್ತಿಯಾಗಿದ್ದರೆ. ಡಾಕ್ಟ್ರು ಅಷ್ಟರಲ್ಲಿ ಮುಂದಿನ ಕೇಸಿನ ಬಿಪಿ ನೋಡುತ್ತಿರುತ್ತಾರೆ. ಅರಿವಳಿಕೆ ತಜ್ಞರ ಕೊರತೆ ನೀಗಲೆಂದು ಎಂಬಿಬಿಎಸ್ ವೈದ್ಯರಿಗೇ ಕೆಲವು ತಿಂಗಳು ತುರ್ತು ಹೆರಿಗೆ ಅರಿವಳಿಕೆಯ ತರಬೇತಿ ಕೊಡುವ ಕೇಂದ್ರದ ಯೋಜನೆಯಿದೆ. ಮೊದಲು 18 ವಾರ, ಆಮೇಲೆ 24 ವಾರ. ಪ್ರಾಣ ಉಳಿಸಿದ ಯೋಜನೆ ಅದು, ಹಗುರವಾಗಿ ಕಾಣುವಂತಿಲ್ಲ. ಆದರೆ ಅಷ್ಟು ವಾರಗಳಲ್ಲಿ ಕಲಿಸುವುದು ಜೀವ ಹಿಡಿದಿಡುವುದನ್ನು. ಡಯಲ್ ಒರೆಸುವ ಪಾಠಕ್ಕೆ ಅಲ್ಲಿ ಎಷ್ಟು ಜಾಗ ಸಿಗಬಹುದು ಎಂದು ಊಹಿಸಬಹುದು.

ಧಾವಂತದ ಪರಿಣಾಮ ಏನೆಂದು ನೋಡಲು ಹಳೆಯ ಸಂತಾನಹರಣ ಶಿಬಿರಗಳನ್ನು ನೆನೆಯಬೇಕು. ಒಂದು ತಂಡ, ಮೂರು ಲ್ಯಾಪರೋಸ್ಕೋಪ್, ದಿನಕ್ಕೆ 30ಕ್ಕಿಂತ ಹೆಚ್ಚು ಬೇಡ ಎಂಬುದು ಕೇಂದ್ರದ ನಿಯಮವಾಗಿತ್ತು. ಉಪಕರಣ ಶುದ್ಧವಾಗಲು ಬೇಕಾದ ಸಮಯವನ್ನು ಲೆಕ್ಕಹಾಕಿಯೇ ಆ ಮಿತಿ. 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸ್ಪುರದ ಬಳಿ ಒಬ್ಬ ಸರ್ಜನ್ ಒಂದೇ ದಿನ, ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಮುಗಿಸಿದರು. ಆ ಶಿಬಿರವೂ ಸೇರಿ ಸುತ್ತಲಿನ ಶಿಬಿರಗಳಲ್ಲಿ 13 ಮಂದಿ ಸತ್ತರು. ಕಾರಣ ಶಿಬಿರದಲ್ಲಿ ಕೊಟ್ಟ ಮಾತ್ರೆಯೋ ಸೋಂಕೋ ಎಂಬ ಜಗಳ ಬಹಳ ಕಾಲ ನಡೆಯಿತು. ಮಾತ್ರೆಗೆ ಬ್ಯಾಚ್ ನಂಬರ್ ಇತ್ತು ತಾನೇ. 2016ರ ಸೆಪ್ಟೆಂಬರಿನಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರ್ಷದಲ್ಲಿ ನಿಲ್ಲಿಸಿ ಎಂದಿತು.

ಚನ್ನಗಿರಿಯಲ್ಲಿ ಇದಕ್ಕೆ ಬೇಕಾದ ದುಡ್ಡು ದೊಡ್ಡದಲ್ಲ. ಒಂದು ಕ್ವಿಂಟಲ್ ರಾಶಿ ಅಡಿಕೆಯ ಬೆಲೆಗೆ ಹತ್ತು ಬ್ಲೇಡಾದರೂ ಬರುತ್ತವೆ. ಪ್ರತಿ ತಾಲ್ಲೂಕು ಆಸ್ಪತ್ರೆಗೂ ಶಾಸಕರ ಅಧ್ಯಕ್ಷತೆಯ ಆರೋಗ್ಯ ರಕ್ಷಾ ಸಮಿತಿ ಇದೆ, ಅದಕ್ಕೆ ತನ್ನದೇ ನಿಧಿಯಿದೆ. ಇಂಥ ಸಭೆಗಳ ಮುಂದೆ ಬರುವ ಬೇಡಿಕೆಗಳು ಸಾಮಾನ್ಯವಾಗಿ ಕುಡಿಯುವ ನೀರಿನ ಘಟಕ, ಕುರ್ಚಿ, ಬಣ್ಣ, ನಾಮಫಲಕ. ಮುಂದಿನ ಸಭೆಗೆ ಹೋಗುವ ಸದಸ್ಯರು ಹೆಚ್ಚುವರಿಯಾಗಿ ನಾಲ್ಕು ಬ್ಲೇಡು, ಎರಡು ಹಿಡಿ, ಒಂದು ಪೆಟ್ಟಿಗೆ ಫಿಲ್ಟರು, ಯಂತ್ರದ ಕಂಬಕ್ಕೆ ಸ್ಯಾನಿಟೈಸರ್ ತೂಗುಹಾಕುವ ಕೊಕ್ಕೆ ಕೇಳಬಹುದು. ಮತ್ತೆ ನೂರು ಪುಟದ ಒಂದು ರಿಜಿಸ್ಟರು. ಯಾವ ಬ್ಲೇಡು ಎಷ್ಟು ಹೊತ್ತಿಗೆ ದ್ರಾವಣಕ್ಕೆ ಇಳಿಯಿತು, ಎಷ್ಟು ಹೊತ್ತಿಗೆ ಮೇಲೆದ್ದಿತು, ಯಾರಿಗೆ ಹೋಯಿತು, ಗುಂಡಿ ಒರೆಸಿದವರ ಸಹಿ ಎಲ್ಲಿ ಎಂದು ಗೆರೆ ಎಳೆದದ್ದು.